ನೋವು ಹೋದರೆ ರೋಗ ಹೋಯಿತೇ?



ಹಲ್ಲುನೋವಿಗೆ ನಮ್ಮ ಕಡೆ ಯಾವಾಗಲೂ ಒಂದು ವಾಯಿದೆ ಇದ್ದೇ ಇರುತ್ತದೆ. ಕೊಟ್ಟೂರಿನವರು "ತೇರು ಮುಗೀಲಿ" ಅಂತಾರೆ. ಹಡಗಲಿ ಕಡೆಯವರು "ಮೈಲಾರದ ಕಾರಣಿಕ ಆಗ್ಲಿ" ಅಂತಾರೆ. ಹರಪನಹಳ್ಳಿಯವರಿಗೆ ಮೆಕ್ಕೆಜೋಳ ಮುರಿಯೋದು, ಕೂಡ್ಲಿಗಿಯವರಿಗೆ ಶೇಂಗಾ ಕೀಳೋದು, ಹಗರಿಬೊಮ್ಮನಹಳ್ಳಿಯವರಿಗೆ ಮಗಳ ಬಾಣಂತನ. ಅಲ್ಲಿಯವರೆಗೆ ಹಲ್ಲಿನ ಸಂದಿಗೆ ಒಂದು ಲವಂಗ, ಬಾಯಿಗೆ ಉಪ್ಪುನೀರು, ಅಂಗಡಿಯಿಂದ ತರಿಸಿದ ಎರಡು ಗುಳಿಗೆ. ಹೀಗೇ ನೂಕುತ್ತಾ ನೂಕುತ್ತಾ ಒಂದು ದಿನ ನೋವು ತಾನಾಗಿಯೇ ನಿಂತುಬಿಡುತ್ತದೆ. "ಹೋಯ್ತು ಬಿಡ್ರಿ, ಡಾಕ್ಟ್ರ ಖರ್ಚು ಉಳೀತು" ಎಂದು ನಾವು ಕೆಲಸಕ್ಕೆ ಏಳುತ್ತೇವೆ.

ಈ ಸಲ ಆ ಮಾತನ್ನೇ ಹಿಡಿದು ನಿಮ್ಮೊಡನೆ ನಾಲ್ಕು ಮಾತಾಡಬೇಕೆಂದಿದ್ದೇನೆ. ಹಲ್ಲಿನ ನಡುವೆ ಒಂದು ಸಣ್ಣ ನರ ಇರುತ್ತದೆ. ಹುಳುಕು ಕೊರೆಯುತ್ತಾ ಅಲ್ಲಿಯವರೆಗೆ ಇಳಿದಾಗ ರಾತ್ರಿಯೆಲ್ಲ ಪ್ರಾಣ ಹಿಂಡುವಂಥ ನೋವು. ಕೊನೆಗೆ ಆ ನರವೇ ಸತ್ತುಹೋಗುತ್ತದೆ. ನರ ಸತ್ತಮೇಲೆ ನೋವು ಎಲ್ಲಿಂದ ಬರಬೇಕು? ಆದರೆ ಕೀವು ಮಾತ್ರ ಬೇರಿನ ತುದಿಯಿಂದ ದವಡೆಯ ಎಲುಬಿಗೆ ಸದ್ದಿಲ್ಲದೆ ಇಳಿಯುತ್ತಿರುತ್ತದೆ. ನಾಯಿ ಬೊಗಳೋದು ನಿಲ್ಲಿಸಿತು ಎಂದ ಮಾತ್ರಕ್ಕೆ ಕಳ್ಳ ಹೋದ ಎಂದು ಹೇಳಲಾಗದು, ಅಲ್ಲವೇ? ಬಾಯಿಯ ದೊಡ್ಡ ಕಾಯಿಲೆಗಳಲ್ಲಿ ಎಷ್ಟೋ ಮೊದಲಿಗೆ ನೋಯುವುದೇ ಇಲ್ಲ.

ಹಾಗೆಂದು ಎಲ್ಲದಕ್ಕೂ ಹೆದರಬೇಕಾಗಿಲ್ಲ. ಯಾವುದಕ್ಕೆ ಆಪರೇಷನ್ ಬೇಡ, ಯಾವುದಕ್ಕೆ ಬೇಕಾಗಬಹುದು, ಯಾವುದಕ್ಕೆ ಆ ರಾತ್ರಿಯೇ ಗಾಡಿ ಮಾಡಿಕೊಂಡು ಹೋಗಬೇಕು, ಇಷ್ಟು ಮನೆಯ ಹೆಂಗಸಿಗೆ ತಿಳಿದಿದ್ದರೆ ಸಾಕು.

ಇವಕ್ಕೆ ಆಪರೇಷನ್ ಬೇಡ

ಸಣ್ಣ ಹುಳುಕಿಗೆ ಸಿಮೆಂಟು ತುಂಬಿದರೆ ಆಯಿತು. ಹುಳುಕು ನರದವರೆಗೆ ಹೋಗಿದ್ದರೂ ಬೇರಿನ ಒಳಗನ್ನು ಸ್ವಚ್ಛ ಮಾಡಿ ತುಂಬುವ ಚಿಕಿತ್ಸೆ ಇದೆ. ಅದನ್ನೇ ರೂಟ್ ಕೆನಾಲ್ ಅಂತಾರೆ. ಎಷ್ಟೋ ಹಲ್ಲು ಹೀಗೆ ಉಳಿಯುತ್ತವೆ. ಒಸಡಿನಲ್ಲಿ ರಕ್ತ ಬರುತ್ತಿದ್ದರೆ ಹೆಚ್ಚಿನವರಿಗೆ ಪಾಚಿ ತೆಗೆಸಿ, ಸರಿಯಾಗಿ ಉಜ್ಜಿದರೆ ಕಡಿಮೆಯಾಗುತ್ತದೆ.

ಕೂಡ್ಲಿಗಿ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ಊರುಗಳಿವೆ. ಅಲ್ಲಿ ಬೆಳೆದ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಪಟ್ಟೆ ಬರುತ್ತದೆ. ಹೆಣ್ಣು ನೋಡಲು ಬಂದವರು ಏನಂದಾರೋ ಎಂದು ಗಟ್ಟಿ ಹಲ್ಲನ್ನು ಕೀಳಿಸಿ ಕಟ್ಟಿಸುವ ಯೋಚನೆ ಮಾಡುವ ತಾಯಂದಿರಿದ್ದಾರೆ. ದಯವಿಟ್ಟು ಬೇಡ. ಪಟ್ಟೆಯನ್ನು ಮರೆಮಾಡುವ ಬೇರೆ ದಾರಿಗಳು ದಂತವೈದ್ಯರಲ್ಲಿವೆ. ಹಣ ಖರ್ಚು ಮಾಡುವ ಮೊದಲು ಮನೆಗೆ ಬರುವ ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿ. ಒಂದು ಲೀಟರಿಗೆ ಒಂದು ಮಿಲಿಗ್ರಾಂ ಫ್ಲೋರೈಡ್ ಒಳಗಿರಬೇಕು ಎಂಬುದು ನಮ್ಮ ದೇಶದ ಮಟ್ಟ. ಬೇರೆ ನೀರು ಸಿಗದಿದ್ದರೆ ಮಾತ್ರ ಒಂದೂವರೆಯವರೆಗೆ ನಡೆಯುತ್ತದೆ.

ಬಾಯಿ ತೆರೆದಾಗ ಕಿವಿಯ ಮುಂದೆ 'ಟಕ್' ಎಂದು ಸದ್ದಾಗುವುದು ಬಹಳ ಹೆಂಗಸರಿಗೆ ಇದೆ. ನೋವಿಲ್ಲದೆ ಬರೀ ಸದ್ದಾದರೆ ಏನೂ ಮಾಡಬೇಕಾಗಿಲ್ಲ. ನೋವಿದ್ದರೂ ಮೆತ್ತನೆಯ ಊಟ, ಬಿಸಿ ಬಟ್ಟೆಯ ಕಾವು, ವೈದ್ಯರು ಹೇಳಿದ ವ್ಯಾಯಾಮದಲ್ಲೇ ಹೆಚ್ಚಿನವರಿಗೆ ವಾಸಿಯಾಗುತ್ತದೆ.

ಬುದ್ಧಿ ಹಲ್ಲು

17ರಿಂದ 25 ವರ್ಷದೊಳಗೆ ಬಾಯಿಯ ನಾಲ್ಕು ಮೂಲೆಯಲ್ಲಿ ಬರುವ ಕೊನೆಯ ದವಡೆಹಲ್ಲು ಇದು. ದವಡೆಯಲ್ಲಿ ಜಾಗ ಸಾಲದಿದ್ದರೆ ಓರೆಯಾಗಿ ಮುಂದಿನ ಹಲ್ಲಿಗೆ ಒರಗಿಕೊಳ್ಳುತ್ತದೆ, ಇಲ್ಲವೇ ಅರ್ಧ ಹೊರಗೆ ಅರ್ಧ ಒಸಡಿನೊಳಗೆ ನಿಂತುಬಿಡುತ್ತದೆ. ಆ ಒಸಡಿನ ಮುಚ್ಚಳದ ಕೆಳಗೆ ಅನ್ನದ ಅಗಳು ಸೇರಿ ಕೊಳೆತು ಬಾವು ಬರುತ್ತದೆ, ಬಾಯಿ ತೆರೆಯಲಾಗುವುದಿಲ್ಲ. ಹೀಗೆ ಮತ್ತೆ ಮತ್ತೆ ಆಗುತ್ತಿದ್ದರೆ, ಪಕ್ಕದ ಹಲ್ಲು ಹುಳುಕಾಗುತ್ತಿದ್ದರೆ, ಎಕ್ಸ್‌ರೇಯಲ್ಲಿ ಸುತ್ತ ನೀರಿನ ಚೀಲದಂಥದು ಕಂಡರೆ ಒಸಡು ಕೊಯ್ದು ತೆಗೆಸಬೇಕಾಗುತ್ತದೆ. ಆ ಜಾಗವನ್ನು ಮಾತ್ರ ಮರಗಟ್ಟಿಸಿ ಮಾಡುವುದರಿಂದ ಹೆಚ್ಚಿನವರು ಆ ದಿನವೇ ಮನೆಗೆ ಬರುತ್ತಾರೆ.

ಆದರೆ ತಂಟೆ ಮಾಡದೆ ಸುಮ್ಮನಿರುವ ಬುದ್ಧಿ ಹಲ್ಲನ್ನು 'ಮುಂದೆ ತೊಂದರೆ ಆದೀತು' ಎಂಬ ಅಂಜಿಕೆಯೊಂದಕ್ಕೇ ಕೀಳಿಸಬೇಡಿ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ವ್ಯವಸ್ಥೆಯಲ್ಲಿ 2000ನೇ ಇಸವಿಯಲ್ಲೇ ಈ ಮಾತನ್ನು ನಿಯಮದಂತೆ ಹೊರಡಿಸಿದ್ದಾರೆ. "ಇದನ್ನು ಈಗಲೇ ಯಾಕೆ ತೆಗೀಬೇಕು, ಬಿಟ್ಟರೆ ಏನಾಗುತ್ತದೆ?" ಎಂದು ಕೇಳಲು ಸಂಕೋಚ ಬೇಡ.

ಬಾವು: ಬೆಳಗಿನ ತನಕ ಕಾಯಬೇಡಿ

ಹಲ್ಲಿನ ಕೀವು ಕೆನ್ನೆಗೆ ಇಳಿದರೆ ಮುಖ ಊದುತ್ತದೆ. ಸಣ್ಣ ಬಾವಾದರೆ ದಂತವೈದ್ಯರು ಕೀವು ತೆಗೆದು, ಹಲ್ಲಿಗೆ ಚಿಕಿತ್ಸೆ ಮಾಡಿ ಅಥವಾ ಕಿತ್ತು ಸರಿಮಾಡುತ್ತಾರೆ. ಬರೀ ಗುಳಿಗೆ ನುಂಗಿ ಕೂತರೆ ಬಾವು ಇಳಿದಂತೆ ಕಂಡರೂ ಮೂಲ ಅಲ್ಲೇ ಇರುತ್ತದೆ. ಬಾವಿನ ಮೇಲೆ ಹೊರಗಿನಿಂದ ಬಿಸಿ ಕಾವು ಕೊಡಬೇಡಿ, ನೋವಿನ ಗುಳಿಗೆಯನ್ನು ಅರೆದು ಒಸಡಿಗೆ ಹಚ್ಚಬೇಡಿ. ಒಸಡು ಸುಟ್ಟು ಹುಣ್ಣಾಗುತ್ತದೆ.

ಈ ಲಕ್ಷಣ ಕಂಡರೆ ಮಾತ್ರ ರಾತ್ರಿಯೋ ಹಗಲೋ ನೋಡಬೇಡಿ: ಗದ್ದದ ಕೆಳಗೆ ಎರಡೂ ಕಡೆ ಗಟ್ಟಿಯಾಗಿ ಊತ, ನಾಲಿಗೆ ಮೇಲಕ್ಕೆ ಎದ್ದಂತಾಗುವುದು, ಉಗುಳು ನುಂಗಲಾಗದೆ ಜೊಲ್ಲು ಸುರಿಯುವುದು, ದನಿ ಬದಲಾಗುವುದು, ಉಸಿರು ಕಟ್ಟುವುದು, ಕಣ್ಣು ಮುಚ್ಚುವಷ್ಟು ಬಾವು, ಚಳಿಜ್ವರ. ಜರ್ಮನಿಯ ಲುಡ್ವಿಗ್ ಎಂಬ ವೈದ್ಯರು 1836ರಲ್ಲೇ ಈ ಗದ್ದದ ಕೆಳಗಿನ ಬಾವನ್ನು ವಿವರಿಸಿ ಬರೆದರು. ಇಂದಿಗೂ ಅದಕ್ಕೆ ಅವರ ಹೆಸರೇ ಇದೆ. ಇದು ಉಸಿರಿನ ದಾರಿಯನ್ನೇ ಮುಚ್ಚುತ್ತದೆ. 108ಕ್ಕೆ ಫೋನ್ ಮಾಡಿ, ದೊಡ್ಡ ಆಸ್ಪತ್ರೆಗೇ ಹೋಗಿ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಬಾವು ಬೇಗ ಹರಡುತ್ತದೆ, ಅವರ ವಿಷಯದಲ್ಲಿ ಇನ್ನೂ ಜಾಗ್ರತೆ.

ಬಿದ್ದಾಗ, ಪೆಟ್ಟಾದಾಗ

ಬೈಕಿನಿಂದ ಬಿದ್ದು ಮುಖಕ್ಕೆ ಪೆಟ್ಟಾದವರು ನಮ್ಮ ರಸ್ತೆಗಳಲ್ಲಿ ದಿನಾ ಕಾಣುತ್ತಾರೆ. ರಕ್ತ ನಿಂತಿತೆಂದು ಸುಮ್ಮನಾಗದೆ ಮೂರು ಪ್ರಶ್ನೆ ಕೇಳಿ. ಮೇಲಿನ ಹಲ್ಲು ಕೆಳಗಿನ ಹಲ್ಲು ಮೊದಲಿನ ಹಾಗೆ ಕೂಡುತ್ತವೆಯೇ? ಕೆಳತುಟಿ, ಗದ್ದ ಮರಗಟ್ಟಿದೆಯೇ? ಬಾಯಿ ತೆರೆಯಲು ಕಷ್ಟವೇ? ಒಂದಕ್ಕೆ ಅನುಮಾನ ಬಂದರೂ ದವಡೆ ಮುರಿದಿರಬಹುದು. ತಂತಿ ಕಟ್ಟಿ, ಇಲ್ಲವೇ ಸಣ್ಣ ಲೋಹದ ಪಟ್ಟಿ ಕೂರಿಸಿ ಎಲುಬನ್ನು ಕೂಡಿಸುತ್ತಾರೆ. ತಡವಾದರೆ ಎಲುಬು ಓರೆಯಾಗಿ ಕೂಡಿಬಿಡುತ್ತದೆ.

ಮಕ್ಕಳು ಆಡುವಾಗ ಬಿದ್ದು ಗಟ್ಟಿ ಹಲ್ಲು ಬೇರುಸಮೇತ ಉದುರಿದರೆ ಅದನ್ನು ಎಸೆಯಬೇಡಿ. ಬೇರನ್ನು ಮುಟ್ಟದೆ ಬಿಳಿ ಭಾಗ ಹಿಡಿದು ಎತ್ತಿ. ಮಣ್ಣಾಗಿದ್ದರೆ ನೀರಿನಲ್ಲಿ ಒಮ್ಮೆ ಅದ್ದಿ ತೆಗೆಯಿರಿ, ಉಜ್ಜಬೇಡಿ. ಒಂದು ಲೋಟ ತಣ್ಣನೆ ಹಾಲಿನಲ್ಲಿ ಹಾಕಿಕೊಂಡು ಒಂದು ಗಂಟೆಯೊಳಗೆ ದಂತವೈದ್ಯರ ಬಳಿ ಹೋಗಿ. ಬೇಗ ಹೋದಷ್ಟೂ ಅದು ಮತ್ತೆ ಕೂರುವ ಸಂಭವ ಹೆಚ್ಚು. ಇದು ಹಾಲುಹಲ್ಲಿಗೆ ಅನ್ವಯಿಸದು, ಅದನ್ನು ತಿರುಗಿ ಕೂರಿಸುವುದಿಲ್ಲ.

ಎಲೆ, ಅಡಿಕೆ, ಕಡ್ಡಿಪುಡಿ

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಹೊಲದಲ್ಲಿ ಕಳೆ ಕೀಳುವಾಗ, ಸಂತೆಯಲ್ಲಿ ಕೂತಾಗ, ಹಸಿವು ದಣಿವು ತಿಳಿಯದಿರಲೆಂದು ನಮ್ಮ ಎಷ್ಟೋ ಹೆಂಗಸರು ಕೆನ್ನೆಯೊಳಗೆ ಕಡ್ಡಿಪುಡಿ ಇಟ್ಟುಕೊಳ್ಳುತ್ತಾರೆ. ಗಂಡಸರ ಗುಟ್ಕಾ ಬಗ್ಗೆ ನಾವು ಕೂಗಾಡುತ್ತೇವೆ, ನಮ್ಮ ಸಂಚಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಚೀಟಿಯ ಹೆಸರು ಬದಲಾಗಿದೆ, ಅಗಿಯುವುದು ನಿಂತಿಲ್ಲ.

ನಮ್ಮ ಓಣಿಯಲ್ಲಿ ತರಕಾರಿ ಮಾರುವ ಒಬ್ಬಾಕೆ ಇದ್ದಾರೆ. ಎಡಗೆನ್ನೆಯಲ್ಲಿ ಕಡ್ಡಿಪುಡಿ ಇಡುವುದು ಅವರಿಗೆ ಮದುವೆಗೆ ಮೊದಲಿನಿಂದ ರೂಢಿ. ಒಂದು ವರ್ಷ ಅವರು ಮಂಡಕ್ಕಿಯ ಜೊತೆ ಮೆಣಸಿನಕಾಯಿ ತಿನ್ನುವುದನ್ನು ಬಿಟ್ಟರು. ಆಮೇಲೆ ರೊಟ್ಟಿ ಬಿಟ್ಟು ಹಾಲನ್ನ ಹಿಡಿದರು. "ವಯಸ್ಸಾತು, ಖಾರ ಸೇರಲ್ಲ" ಅಂತ ಮನೆಯವರು ತಿಳಿದರು. ಕೆನ್ನೆಯೊಳಗೆ ಬೇಳೆಯಷ್ಟು ಹುಣ್ಣು ಐದು ತಿಂಗಳಿಂದ ಇದ್ದದ್ದು ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಆಪರೇಷನ್ ಆಗಿ ದವಡೆಯ ಒಂದು ಭಾಗ ತೆಗೆದರು, ಕರೆಂಟು ಇಟ್ಟರು. ಆಕೆ ಇಂದು ಇದ್ದಾರೆ, ಮತ್ತೆ ತಕ್ಕಡಿ ಹಿಡಿದಿದ್ದಾರೆ. ಮಾತು ಮಾತ್ರ ಸ್ವಲ್ಪ ತೊದಲುತ್ತದೆ. "ಯಾಕವ್ವಾ ಮೊದಲೇ ಹೇಳಲಿಲ್ಲ?" ಎಂದು ನಾನು ಕೇಳಿದ್ದಕ್ಕೆ ಅವರೆಂದರು: "ನೋವಿದ್ದಿಲ್ಲವ್ವ. ಅದಕ್ಕ ಸುಮ್ಮನಿದ್ದೆ."

ಸೋದರಿಯರೇ, ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಹುಣ್ಣು ಸಣ್ಣದಿದ್ದಾಗ ಸಣ್ಣ ಆಪರೇಷನ್, ದೊಡ್ಡದಾದಾಗ ದೊಡ್ಡ ಆಪರೇಷನ್. ಲೆಕ್ಕ ಇಷ್ಟೇ.

ಕಡ್ಡಿಪುಡಿ ಇಲ್ಲದ ಬರೀ ಅಡಿಕೆಯೂ ಸಾಧುವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯೊಂದೇ ಕ್ಯಾನ್ಸರ್ ತರಬಲ್ಲದೆಂದು ಪ್ರಕಟಿಸಿತು. ಅಡಿಕೆ ಅಗಿಯುವವರ ಕೆನ್ನೆಯ ಒಳಚರ್ಮ ನಾರಿನಂತೆ ಗಟ್ಟಿಯಾಗಿ, ಖಾರ ತಾಗಿದರೆ ಉರಿದು, ಬಾಯಿ ದಿನೇ ದಿನೇ ಕಿರಿದಾಗುತ್ತದೆ. ಚಟ ಬಿಟ್ಟು, ಔಷಧಿ ಮತ್ತು ಬಾಯಿಯ ವ್ಯಾಯಾಮ ಬೇಗ ಶುರುಮಾಡಿದರೆ ಹೆಚ್ಚಾಗುವುದನ್ನು ತಡೆಯಬಹುದು. ತೀರ ಮುಚ್ಚಿಹೋದರೆ ನಾರನ್ನು ಕೊಯ್ದು ಬಿಡಿಸಬೇಕಾಗುತ್ತದೆ.

ತಿಂಗಳಿಗೊಮ್ಮೆ ಹೀಗೆ ಮಾಡಿ. ಬೆಳಗಿನ ಬಿಸಿಲಿನಲ್ಲಿ ಕನ್ನಡಿ ಹಿಡಿದು ಕೂಡಿ. ಕಟ್ಟಿಸಿದ ಹಲ್ಲಿದ್ದರೆ ತೆಗೆಯಿರಿ. ಎರಡೂ ಕೆನ್ನೆಯೊಳಗೆ, ತುಟಿಯ ಒಳಗೆ, ನಾಲಿಗೆಯ ಅಂಚು ಮತ್ತು ಅಡಿಭಾಗದಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಗಂಟು ಇದೆಯೇ ನೋಡಿ. ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ತೂರಿಸಿ. ಎರಡೇ ಬೆರಳು ಹಿಡಿಸಿದರೆ ವೈದ್ಯರಿಗೆ ತೋರಿಸಿ. ಯಾವುದೇ ಹುಣ್ಣು ಎರಡು ವಾರದಲ್ಲಿ ಮಾಯದಿದ್ದರೆ, ಹಲ್ಲು ಕಿತ್ತ ಗಾಯ ತುಂಬದಿದ್ದರೆ, ಕಾರಣವಿಲ್ಲದೆ ಹಲ್ಲು ಅಲುಗಾಡತೊಡಗಿದರೆ, ಕುತ್ತಿಗೆಯಲ್ಲಿ ಗಂಟು ಕಂಡರೆ, ದವಡೆ ನೋವಿಲ್ಲದೆ ಮೆಲ್ಲಗೆ ಉಬ್ಬಿದರೆ ನೋವಿಗಾಗಿ ಕಾಯಬೇಡಿ. ವೈದ್ಯರು ಹುಣ್ಣಿನ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಹಾಗೆ ಚೂರು ತೆಗೆದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯ ಬೇಡ, ಅದು ಸುಳ್ಳು.

ಚಟ ಬಿಡಲು ನೆರವು ಬೇಕಾದರೆ 1800-11-2356ಕ್ಕೆ ಫೋನ್ ಮಾಡಬಹುದು. ಇದು ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ.

ಸೀಳುತುಟಿಯ ಕೂಸು

ಕೂಸಿನ ತುಟಿ ಅಥವಾ ಅಂಗುಳು ಸೀಳಿದ್ದರೆ ಬಸುರಿಯಾಗಿದ್ದಾಗ ಗ್ರಹಣ ನೋಡಿದಳೆಂದು ತಾಯಿಯನ್ನು ಬೈಯುವವರು ಇನ್ನೂ ಇದ್ದಾರೆ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಬಸುರಿನ ಮೊದಲ ಮೂರು ತಿಂಗಳಲ್ಲಿ ಮುಖದ ಎರಡು ಕಡೆಯ ಭಾಗಗಳು ಕೂಡದೆ ಹೋದರೆ ಹೀಗಾಗುತ್ತದೆ. ತುಟಿಯ ಆಪರೇಷನ್ ಸಾಮಾನ್ಯವಾಗಿ 3ರಿಂದ 6 ತಿಂಗಳಿಗೆ, ಅಂಗುಳಿನದು 9ರಿಂದ 18 ತಿಂಗಳೊಳಗೆ ಮಾಡುತ್ತಾರೆ. ಮಾತು ಕಲಿಯುವ ಮೊದಲೇ ಅಂಗುಳು ಕೂಡಿದರೆ ಮಾತು ಸ್ಪಷ್ಟವಾಗುತ್ತದೆ. ಅಂಗನವಾಡಿ, ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು 2013ರಿಂದ ಇಂಥ ಮಕ್ಕಳನ್ನು ಗುರುತಿಸಿ ಉಚಿತ ಆಪರೇಷನ್‌ಗೆ ಕಳಿಸುತ್ತಾರೆ. ಆಶಾ ಕಾರ್ಯಕರ್ತೆಯನ್ನು ಕೇಳಿ.

ಎಲ್ಲಿಗೆ ಹೋಗುವುದು?

ನಮ್ಮ ಐದೂ ತಾಲ್ಲೂಕು 2021ರಿಂದ ವಿಜಯನಗರ ಜಿಲ್ಲೆಯಲ್ಲಿವೆ. ಮೊದಲು ನಿಮ್ಮ ತಾಲ್ಲೂಕು ಆಸ್ಪತ್ರೆಯ ದಂತವೈದ್ಯರಿಗೆ ತೋರಿಸಿ. ದೊಡ್ಡ ಚಿಕಿತ್ಸೆ ಬೇಕಾದರೆ ಹರಪನಹಳ್ಳಿ, ಕೊಟ್ಟೂರಿನವರಿಗೆ ದಾವಣಗೆರೆ ಅನುಕೂಲ. ಅಲ್ಲಿ 1979ರಲ್ಲಿ ಶುರುವಾದ ಬಾಪೂಜಿ ದಂತ ಮಹಾವಿದ್ಯಾಲಯ ಇದೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಯವರಿಗೆ ಬಳ್ಳಾರಿಯ ಸರ್ಕಾರಿ ದಂತ ಮಹಾವಿದ್ಯಾಲಯ ಇದೆ. ಹಡಗಲಿ ಕಡೆಯವರು ಧಾರವಾಡದ ಎಸ್.ಡಿ.ಎಂ. ದಂತ ಮಹಾವಿದ್ಯಾಲಯಕ್ಕೂ ಹೋಗಬಹುದು. ಸೀಳುತುಟಿ, ದವಡೆಯ ಆಪರೇಷನ್‌ಗೆ ಅದು ಹೆಸರಾದದ್ದು. ಕ್ಯಾನ್ಸರ್ ಎಂದು ಗೊತ್ತಾದರೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಬೆಂಗಳೂರಿನ ಕಿದ್ವಾಯಿ ಇವೆ.

ಖರ್ಚಿನ ಚಿಂತೆಗೆ 2018ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಬೇಕಾಗುತ್ತದೆ. ರೇಷನ್ ಕಾರ್ಡು, ಆಧಾರ್ ಕಾರ್ಡು ಮರೆಯದೆ ಒಯ್ಯಿರಿ. ನಿಮ್ಮ ಆಪರೇಷನ್ ಇದರಲ್ಲಿ ಬರುತ್ತದೋ ಇಲ್ಲವೋ ಮೊದಲೇ ವಿಚಾರಿಸಿ.

ವೈದ್ಯರ ಮುಂದೆ ಏನನ್ನೂ ಮುಚ್ಚಿಡಬೇಡಿ. ಬಿ.ಪಿ., ಸಕ್ಕರೆ, ಹೃದಯದ ಕಾಯಿಲೆ, ರಕ್ತ ತೆಳುವಾಗಲು ನುಂಗುವ ಗುಳಿಗೆ, ಎಲುಬು ಗಟ್ಟಿಯಾಗಲು ತೆಗೆದುಕೊಂಡ ಇಂಜೆಕ್ಷನ್, ಬಸುರು, ಹಿಂದೆ ಒಗ್ಗದ ಔಷಧಿ, ಎಲ್ಲ ಹೇಳಿ. ರಕ್ತ ತೆಳುವಾಗಿಸುವ ಗುಳಿಗೆಯನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ.

ನಿಮ್ಮ ಪತ್ರಗಳಿಗೆ

ಹರಪನಹಳ್ಳಿಯ ಅಕ್ಕನವರೊಬ್ಬರು, "ಮೇಲಿನ ದವಡೆಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದಂತೆ, ಹೌದೇ?" ಎಂದು ಕೇಳಿದ್ದಾರೆ. ಇಲ್ಲ ಅಕ್ಕಾ. ನೋಡುವ ನರ ಬೇರೆ, ಹಲ್ಲಿನ ನರ ಬೇರೆ. ಹಲ್ಲು ಕೀಳಿಸುವ ವಯಸ್ಸೂ ಕಣ್ಣು ಮಂಜಾಗುವ ವಯಸ್ಸೂ ಒಂದೇ ಆದ್ದರಿಂದ ಈ ಮಾತು ಹುಟ್ಟಿರಬೇಕು.

ಹಡಗಲಿಯ ತಂಗಿಯೊಬ್ಬಳು ಐದು ತಿಂಗಳ ಬಸುರಿ, ಹಲ್ಲು ನೋವು. ನಾಲ್ಕರಿಂದ ಆರನೇ ತಿಂಗಳು ಹಲ್ಲಿನ ಚಿಕಿತ್ಸೆಗೆ ಅನುಕೂಲವಾದ ಕಾಲ ತಂಗೀ. ಕೀವು, ಬಾವು ಇದ್ದರಂತೂ ಯಾವ ತಿಂಗಳಾದರೂ ತೋರಿಸಲೇಬೇಕು. ಗುಳಿಗೆ ಮಾತ್ರ ವೈದ್ಯರು ಬರೆದುಕೊಟ್ಟದ್ದನ್ನೇ ನುಂಗಬೇಕು.

ಆಪರೇಷನ್ ಆದ ಮೇಲೆ

ಇಟ್ಟ ಹತ್ತಿಯನ್ನು ಅರ್ಧ ಮುಕ್ಕಾಲು ಗಂಟೆ ಕಚ್ಚಿಕೊಂಡಿರಿ. ಒಂದು ದಿನ ಉಗುಳಬೇಡಿ, ಬಾಯಿ ಮುಕ್ಕಳಿಸಬೇಡಿ, ನಳಿಕೆಯಿಂದ ಹೀರಬೇಡಿ. ಗಾಯದಲ್ಲಿ ಕಟ್ಟಿದ ರಕ್ತದ ಗೆಡ್ಡೆ ಕಿತ್ತುಬಂದರೆ ಎಲುಬು ಬಯಲಾಗಿ ಮೂರನೇ ದಿನ ವಿಪರೀತ ನೋವು ಬರುತ್ತದೆ. ಹಾಗಾದರೆ ತಿರುಗಿ ಹೋಗಿ ತೋರಿಸಿ. ಮೊದಲ ದಿನ ಕೆನ್ನೆಯ ಮೇಲೆ ತಣ್ಣೀರು ಬಟ್ಟೆ, ಮರುದಿನದಿಂದ ಬೆಚ್ಚಗಿನ ಉಪ್ಪುನೀರು. ಎಲೆ, ಅಡಿಕೆ, ಕಡ್ಡಿಪುಡಿ ಮುಟ್ಟಲೇಬಾರದು. ಅಷ್ಟು ದಿನ ಬಿಟ್ಟವರು ಹಾಗೆಯೇ ಬಿಟ್ಟುಬಿಡಬಹುದಲ್ಲ!

ಊಟಕ್ಕೆ ಜೋಳದ ಅಂಬಲಿ ಒಳ್ಳೆಯದು. ಮೂರು ಚಮಚ ನುಣ್ಣನೆಯ ಜೋಳದ ಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ. ಎರಡು ಲೋಟ ನೀರು ಕುದಿಯಲಿಟ್ಟು, ಮರಳುವಾಗ ಕಲಸಿದ್ದನ್ನು ಹುಯ್ದು, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಹತ್ತು ನಿಮಿಷ ಬೇಯಿಸಿ. ಪೂರ್ತಿ ಆರಿದ ಮೇಲೆ ಒಂದು ಲೋಟ ಹುಳಿಯಿಲ್ಲದ ಮಜ್ಜಿಗೆ, ಉಪ್ಪು, ಚಿಟಿಕೆ ಜೀರಿಗೆ ಪುಡಿ ಬೆರೆಸಿ. ಸಾಸಿವೆಯ ಒಗ್ಗರಣೆ ಹಾಕಬೇಡಿ, ಕಾಳು ಗಾಯದಲ್ಲಿ ಸಿಕ್ಕಿಕೊಳ್ಳುತ್ತದೆ. ದವಡೆಗೆ ತಂತಿ ಕಟ್ಟಿದವರಿಗೆ ಇದನ್ನೇ ತೆಳ್ಳಗೆ ಮಾಡಿ ಸೋಸಿಕೊಡಿ. ಬರೀ ಅಂಬಲಿಯಿಂದ ಶಕ್ತಿ ಬಾರದು. ಚೆನ್ನಾಗಿ ಬೇಯಿಸಿ ಅರೆದ ಹೆಸರುಬೇಳೆ, ಹಾಲು ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪವೇ ಕೊಡಿ.

ಮನೆಯಲ್ಲಿ ಯಾರಾದರೂ ಖಾರ ಬಿಟ್ಟರೆ, ರೊಟ್ಟಿ ಬಿಟ್ಟು ಅನ್ನ ಹಿಡಿದರೆ, ಒಂದೇ ಕಡೆಯಿಂದ ಅಗಿಯತೊಡಗಿದರೆ ಮೊದಲು ಗೊತ್ತಾಗುವುದು ಬಡಿಸುವ ನಮಗೇ. "ಯಾಕೆ, ಬಾಯಿಗೇನಾಗಿದೆ, ತೋರಿಸಿ ನೋಡೋಣ" ಎಂದು ಕೇಳಿಬಿಡಿ. ಅತ್ತೆಯವರನ್ನೂ ಕೇಳಿ, ಕೆಲಸಕ್ಕೆ ಬರುವಾಕೆಯನ್ನೂ ಕೇಳಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.